ಕ್ಯಾಮೆರಾಕ್ಕೆ ಇಟ್ಟ ಬೊಟ್ಟು

ಆಯುಧಪೂಜೆಯ ದಿನ ಊದುಬತ್ತಿ ಕಾರ್ಖಾನೆಯ ಕೆಲಸಗಾರರು ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಗೋದಾಮಿನ ಕ್ಯಾಮೆರಾದ ಕಣ್ಣಿಗೂ ದಪ್ಪನೆಯ ಬೊಟ್ಟಿಟ್ಟರು. ಮರುದಿನ, ಎಲ್ಲ ಕ್ಯಾಮೆರಾಗಳ ನೋಟ ಬಂದು ಸೇರುವ ಕಚೇರಿಯ ಪರದೆ ಗುಡುಗಿತು: "ನಿನ್ನ ಕಣ್ಣು ಹೋಗಿದೆ. ಇವತ್ತೇ ಕಿತ್ತು ಗುಜರಿಗೆ ಹಾಕಿಸುತ್ತೇನೆ."

"ನನಗೇನಾಗಿದೆಯೆಂದು ನನಗೇ ತಿಳಿಯದು, ಒಡೆಯಾ," ಎಂದು ಕ್ಯಾಮೆರಾ ನಡುಗಿತು.

ಪಕ್ಕದ ಗೋಡೆಯ ಹಲ್ಲಿ ನಕ್ಕಿತು. "ಅದು ಕುಂಕುಮ ಕಣಯ್ಯಾ! ನಿನ್ನ ಹಾಗೆ ನನ್ನ ಕಣ್ಣಿಗೂ ರೆಪ್ಪೆಯಿಲ್ಲ, ನಾಲಿಗೆಯಿಂದಲೇ ಒರೆಸಿಕೊಳ್ಳುತ್ತೇನೆ. ಅಲ್ಲಾಡಬೇಡ." ಅದು ನೆಕ್ಕುತ್ತ ಹೋದಂತೆ ಗೋದಾಮು ಪರದೆಯ ಮೇಲೆ ತಿಳಿಯಾಗಿ ಮೂಡಿತು.

"ಮೊದಲೇ ಹೇಳಬಾರದಿತ್ತೇ?" ಎಂದು ಪರದೆ ಗದರಿತು.

"ತಾವು ಕೇಳಬಾರದಿತ್ತೇ?" ಎಂದಿತು ಹಲ್ಲಿ.

ಪರದೆ ದನಿ ತಗ್ಗಿಸಿ ನುಡಿಯಿತು: "ಕ್ಯಾಮೆರಾ ಚೆನ್ನಾಗಿದೆ. ಕೀಳುವುದು ಬೇಡ."

ಮಾತು ಸತ್ಯವೆಂಬಂತೆ ಹಲ್ಲಿ ಲೊಚಗುಟ್ಟಿತು.