ಆಚೆ ದಡದ ಬಿಸಿಲು

"ಗುರುಗಳೇ, ಒಂದೇ ಮನೆಯಲ್ಲಿ ಹುಟ್ಟಿದರೂ ಒಬ್ಬ ಮೇಲೇರುತ್ತಾನೆ, ಇನ್ನೊಬ್ಬ ಇದ್ದಲ್ಲೇ ಇರುತ್ತಾನಲ್ಲ, ಅದು ಯಾಕೆ?"

ಕೂಸಪ್ಪ ಹೀಗೆ ಕೇಳಿದ್ದು ಉತ್ತರಕ್ಕಾಗಿ ಅಲ್ಲ, ಹೊಗಳಿಕೆಗಾಗಿ. ಹಿಂದಿನ ದಿನ ಅವನು ವಾದದಲ್ಲಿ ದೊಡ್ಡ ದೊಡ್ಡ ಪಂಡಿತರನ್ನು ಸೋಲಿಸಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಮಠದ ಸಭೆಯಲ್ಲಿ ಅವನಿಗೆ ಶಾಲು ಹೊದಿಸುವವರಿದ್ದರು. ಬೆಳಗಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅವನ ಅಣ್ಣ ಉಪ್ಪಿನ ಆಗರದಲ್ಲಿ ದುಡಿಯುವವನು. ಅಪ್ಪ ತೀರಿಕೊಂಡ ಮೇಲೆ ತಾನು ಗುದ್ದಲಿ ಹಿಡಿದು ತಮ್ಮನನ್ನು ಓದಲು ಕಳಿಸಿದವನು ಅವನೇ. ಸನ್ಮಾನ ನೋಡಬೇಕೆಂದು ಅಷ್ಟು ದೂರ ನಡೆದೇ ಬಂದಿದ್ದ. ಅವನ ಒಡೆದ ಪಾದ, ಮಾಸಿದ ಪಂಚೆ ಕಂಡು ಕೂಸಪ್ಪನಿಗೆ ನಾಚಿಕೆಯಾಯಿತು. "ಇಲ್ಲೇ ಕೂತಿರು ಅಣ್ಣ, ಆಮೇಲೆ ಕರೆಯುತ್ತೇನೆ" ಎಂದು ಮಠದ ಬಾಗಿಲಾಚೆ ಕೂರಿಸಿ ಬಂದಿದ್ದ. ಗುರುಗಳಿಗೆ ಇದು ತಿಳಿದಿಲ್ಲವೆಂದು ಅವನ ಎಣಿಕೆ.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಸಮುದ್ರದ ಪೂರ್ವ ದಡದಲ್ಲಿ ಒಬ್ಬ ರೈತನಿದ್ದ. ಅಲ್ಲಿಯ ಕಡಲು ಬೆಚ್ಚಗಿತ್ತು. ಪಶ್ಚಿಮದಿಂದ ನೀರ ಮೇಲೆ ಹಾದು ಒದ್ದೆಯಾಗಿ ಬಂದ ಗಾಳಿ ಅವನ ಗದ್ದೆಯ ಮೇಲೆ ಏರುತ್ತಿತ್ತು, ಮೋಡವಾಗುತ್ತಿತ್ತು, ಸುರಿಯುತ್ತಿತ್ತು. ರೈತ ಎದೆ ತಟ್ಟಿಕೊಳ್ಳುತ್ತಿದ್ದ. "ನನ್ನ ನೆಲದ ಗುಣ ನೋಡಿ! ಮಳೆ ಹುಟ್ಟುವುದೇ ನನ್ನ ಗದ್ದೆಯಲ್ಲಿ!"

ಅದೇ ಗಾಳಿಗೆ ಹಾಯಿ ಬಿಚ್ಚಿ ವರ್ಷಕ್ಕೊಮ್ಮೆ ಪಶ್ಚಿಮ ದಡದಿಂದ ಒಬ್ಬ ಉಪ್ಪಿನವನು ಬರುತ್ತಿದ್ದ. ಉಪ್ಪು ಕೊಟ್ಟು ಅಕ್ಕಿ ಒಯ್ಯುತ್ತಿದ್ದ. ಅವನ ಊರಿನಲ್ಲಿ ಬರೀ ಬಿಸಿಲು. ಹನಿ ಮಳೆಗೂ ಗತಿಯಿಲ್ಲದ ಊರಿನವನೆಂದು ರೈತ ಅವನನ್ನು ಜಗುಲಿಗೂ ಹತ್ತಿಸದೆ ಅಂಗಳದಿಂದಲೇ ಕಳಿಸುತ್ತಿದ್ದ.

ಒಂದು ವರ್ಷ ಆ ಗಾಳಿ ಬೀಸಲಿಲ್ಲ. ಉಪ್ಪಿನ ದೋಣಿ ಬರಲಿಲ್ಲ. ಮಳೆಯೂ ಬರಲಿಲ್ಲ. ಸಸಿಮಡಿ ಹಳದಿಗೆ ತಿರುಗಿತು. ಮನೆಯಲ್ಲಿದ್ದ ಬೀಜವೆಲ್ಲ ಆ ಮಡಿಯಲ್ಲೇ ಇತ್ತು, ಅದು ಒಣಗಿದರೆ ಮಕ್ಕಳಿಗೆ ಗಂಜಿಯೂ ಇಲ್ಲ. ರೈತ ದಂಡೆಗೆ ಓಡಿ ನೋಡಿದ. ಪಶ್ಚಿಮದ ಅಂಚಿನಲ್ಲಿ ಕರಿಮೋಡ ಒಟ್ಟಿಕೊಂಡಿತ್ತು.

"ಕದ್ದರು! ನನ್ನ ಮಳೆ ಕದ್ದರು!" ಎಂದವನೇ ದೋಣಿ ತಳ್ಳಿದ. ಗಾಳಿಯಿಲ್ಲದ ಕಡಲಿನಲ್ಲಿ ಹುಟ್ಟು ಹಾಕಿದ, ಹಾಕಿದ, ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ.

ಆಚೆ ದಡ ಮುಟ್ಟಿದಾಗ ಧೋ ಎಂದು ಮಳೆ. ಆಗರದ ಬದುಗಳೆಲ್ಲ ಒಡೆದುಹೋಗಿದ್ದವು. ಉಪ್ಪಿನವನು ಮೊಣಕಾಲು ನೀರಿನಲ್ಲಿ ನಿಂತು, ಕರಗುತ್ತಿದ್ದ ಕೊನೆಯ ರಾಶಿಗೆ ತೆಂಗಿನ ಸೋಗೆ ಹೊದಿಸಲು ಒದ್ದಾಡುತ್ತಿದ್ದ.

"ಕಳ್ಳ! ನನ್ನ ಮಳೆ ಕೊಡು!" ಎಂದು ರೈತ ಕೂಗಿದ.

ಉಪ್ಪಿನವನು ಅವನಿಗಿಂತ ಜೋರಾಗಿ ಕೂಗಿದ. "ತಗೊಂಡು ಹೋಗು ಮಾರಾಯ, ಈಗಲೇ ತಗೊಂಡು ಹೋಗು! ಮೊದಲು ನನ್ನ ಬಿಸಿಲು ಎಲ್ಲಿ, ಅದನ್ನು ಹೇಳು!"

ಆ ಬಿಸಿಲು ಎಲ್ಲಿದೆಯೆಂದು ರೈತನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಸಸಿಮಡಿಯ ಮೇಲೆ ಅದು ಸುಡುತ್ತಿರುವುದನ್ನು ಕಣ್ಣಾರೆ ಕಂಡು ಬಂದಿದ್ದ. ನಗು ಬಂತು, ಅಳುವೂ ಬಂತು. ಏನೂ ತೋಚದೆ ಸೋಗೆಯ ಇನ್ನೊಂದು ತುದಿ ಹಿಡಿದ.

ರಾಶಿ ಮುಚ್ಚಿ ಇಬ್ಬರೂ ಗುಡಿಸಲಿನಲ್ಲಿ ಕೂತರು. ಒಲೆಯ ಹೊಗೆ ಏರಿ, ಸೂರಿಗೆ ತಾಗಿ, ಹರಡಿ, ಗೋಡೆಯ ಪಕ್ಕದಲ್ಲಿ ಇಳಿಯುತ್ತಿತ್ತು. ಅದನ್ನು ನೋಡುತ್ತಿದ್ದ ರೈತ ಕೂತಲ್ಲಿಂದ ನೆಗೆದೆದ್ದ.

"ನನ್ನೂರಿನಲ್ಲಿ ನೆಲಮಟ್ಟದ ಗಾಳಿ ನಿನ್ನ ಕಡೆಯಿಂದ ಬರುತ್ತದೆ, ಮೋಡದ ನೆತ್ತಿ ಮಾತ್ರ ನಿನ್ನ ಕಡೆಗೇ ವಾಲುತ್ತದೆ. ಎಷ್ಟು ಸಲ ನೋಡಿದ್ದೇನೆ! ಮೇಲೇರಿದ ಗಾಳಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಕೇಳಲಿಲ್ಲವಲ್ಲ!"

"ಇಲ್ಲಿಗೆ!" ಉಪ್ಪಿನವನೂ ಎದ್ದು ನಿಂತ. "ನಿನ್ನಲ್ಲಿ ಸುರಿದು ಒಣಗಿದ ಗಾಳಿ ನನ್ನ ಆಗರದ ಮೇಲೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ನಿಲ್ಲುವುದಿಲ್ಲ, ನನಗೆ ಬಿಸಿಲು. ಆಮೇಲೆ ನೀರ ಮೇಲೆ ಓಡಿ ಮತ್ತೆ ನಿನ್ನ ಹತ್ತಿರವೇ ಬರುತ್ತದೆ!"

ಈ ಸಲ ಆ ಗಾಳಿ ಸೋತಿತ್ತು. ಅದು ಪೂರ್ವಕ್ಕೆ ತಳ್ಳಿಟ್ಟಿದ್ದ ಬೆಚ್ಚನೆಯ ನೀರು ಪಶ್ಚಿಮಕ್ಕೆ ಜಾರಿತ್ತು. ಬೆಚ್ಚನೆಯ ನೀರಿದ್ದಲ್ಲೇ ಗಾಳಿ ಏರುವುದು. ಏರುವ ಜಾಗ ಇಳಿಯುವ ಜಾಗವಾಗಿತ್ತು, ಇಳಿಯುವ ಜಾಗ ಏರುವ ಜಾಗವಾಗಿತ್ತು. ಇಬ್ಬರ ಅನ್ನವೂ ಹೋಗಿತ್ತು.

ಕಾಯುವುದೊಂದೇ ಉಳಿದಿತ್ತು, ಕಾದರು. ಒಂದು ಬೆಳಿಗ್ಗೆ, ಕಡಲ ಕಡೆ ಮುಖ ಮಾಡಿ ನಿಂತಿದ್ದಾಗ ಬೆನ್ನಿಗೆ ತಣ್ಣಗೆ ಏನೋ ಸೋಕಿತು. "ಬಂತು! ಗಾಳಿ ಬಂತು! ಹಾಯಿ ಎತ್ತು!" ಎಂದು ಉಪ್ಪಿನವನು ಕಿರುಚಿದ. ಅಪ್ಪಿಕೊಳ್ಳಲೂ ಪುರುಸೊತ್ತಿಲ್ಲದೆ ರೈತ ದೋಣಿಗೆ ಹಾರಿದ.

ಊರು ಸೇರಿದಾಗ ಮಡಿಯಲ್ಲಿ ಅರ್ಧದಷ್ಟು ಸಸಿಗೆ ಜೀವವಿತ್ತು. ಗಾಳಿ ಏರಿತು, ಮೋಡ ಕಟ್ಟಿತು, ಮೊದಲ ಹನಿ ಬಿತ್ತು. ಮನೆಯವರೆಲ್ಲ ಮಳೆಗೆ ಮುಖವೊಡ್ಡಿ ಕುಣಿದರು. ರೈತ ಮಾತ್ರ ಪಶ್ಚಿಮಕ್ಕೆ ತಿರುಗಿ ಕೈಮುಗಿದು ಕುಣಿಯುತ್ತಿದ್ದ. "ಅಲ್ಲಿ ಬಿಸಿಲು ಬಿದ್ದಿದೆ ಕಣೇ! ಅಲ್ಲಿ ಬಿಸಿಲು ಬಿದ್ದಿದೆ!" ಇವರಿಗೆ ತಲೆ ಕೆಟ್ಟಿತೇ ಎಂದು ಹೆಂಡತಿ ಕಣ್ಣು ಕಣ್ಣು ಬಿಟ್ಟಳು. ಮುಂದಿನ ಸಲ ಉಪ್ಪಿನವನು ಬಂದಾಗ ರೈತ ಅವನನ್ನು ಕೈಹಿಡಿದು ಒಳಗೆ ಕರೆದೊಯ್ದ.

ಗುರುಗಳು ಕತೆ ನಿಲ್ಲಿಸಿದರು. ಕೂಸಪ್ಪನ ಮುಖ ಅರಳಿತ್ತು. "ಎಂಥ ಕತೆ ಗುರುಗಳೇ! ಸಭೆಯಲ್ಲಿ ಇದನ್ನೇ ಹೇಳಿ ಎಲ್ಲರನ್ನೂ ಬೆರಗು ಮಾಡುತ್ತೇನೆ" ಎಂದು ಉತ್ತರೀಯ ಸರಿಪಡಿಸಿಕೊಂಡು ಸಭೆಯ ಕಡೆ ಹೆಜ್ಜೆ ಎತ್ತಿದ.

ಎತ್ತಿದ ಹೆಜ್ಜೆ ಅಲ್ಲೇ ನಿಂತಿತು, ಏಕೆಂದರೆ ಗುರುಗಳು ಮೆಲ್ಲಗೆ ಕೇಳಿದ್ದರು:

"ಕೂಸಪ್ಪ, ಬಾಗಿಲಾಚೆ ಬಿಸಿಲಿನಲ್ಲಿ ಕೂತಿರುವವರು ಯಾರು?"