ಓಗಲ್ಲು ಮತ್ತು ಒನ್ನದವರ ಮನೆತನ

ನೆರ್ಲಿಕೊಪ್ಪದಿಂದ ಎರೆಹೊಸೂರಿಗೆ ಹೋಗುವ ದಾರಿಯಲ್ಲಿ ಕರಿಹಳ್ಳಕ್ಕೆ ಈಗ ಸೇತುವೆಯಾಗಿದೆ. ಬಸ್ಸು ಅದನ್ನು ದಾಟಲು ಒಮ್ಮೆ ಕೆಮ್ಮಿ ಮುಗಿಸುವಷ್ಟು ಹೊತ್ತೂ ಬೇಡ. ಕಿಟಕಿಯ ಪಕ್ಕದಲ್ಲಿ ಕುಳಿತವರು ಕೆಳಗೆ ನೋಡುವುದೂ ಇಲ್ಲ. ನೋಡಿದರೆ ನೆರ್ಲಿಕೊಪ್ಪದ ಕಡೆಯ ದಂಡೆಯಲ್ಲಿ ಆಳೆತ್ತರದ ಕಪ್ಪು ಬಂಡೆಯೊಂದು ಕಾಣುತ್ತದೆ. ಅದರ ನಡುವಿಗೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳಿವೆ. ಬೆರಳಿಟ್ಟರೆ ಬೆರಳು ಹುದುಗುವಷ್ಟು ಆಳ. ಇದಕ್ಕೆ ಓಗಲ್ಲು ಎನ್ನುತ್ತಾರೆ. ಈ ಕಲ್ಲಿನ ಕಥೆಯೂ ಊರಿನ ಒನ್ನದವರ ಮನೆತನದ ಅಡ್ಡಹೆಸರಿನ ಕಥೆಯೂ ಬೇರೆ ಬೇರೆಯಲ್ಲ. ಒನ್ನದವರ ಎಂಬ ಹೆಸರು ಈ ಸೀಮೆಯ ಹೊರಗೆ ಕಿವಿಗೆ ಬಿದ್ದದ್ದೇ ಕಡಿಮೆ. ನೆರ್ಲಿಕೊಪ್ಪದಲ್ಲಿ ಒಂದು ಓಣಿ, ಸುತ್ತಿನ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಸೊಲ್ಲಾಪುರದ ಗಿರಣಿಗಳಿಗೆ ಹೋಗಿ ಅಲ್ಲೇ ನಿಂತ ಕೆಲವರು, ಅಷ್ಟೆ. ಹಿಂದೆ ಒಬ್ಬ ಮಾಸ್ತರರು ಇದು 'ಹೊನ್ನದವರ' ಇದ್ದದ್ದು, ಹಳ್ಳಿಗರ ಬಾಯಲ್ಲಿ ಕೆಟ್ಟಿದೆ ಎಂದು ಹುಡುಗರ ಹೆಸರುಗಳನ್ನೆಲ್ಲ ತಿದ್ದಿಬಿಟ್ಟರಂತೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂದು ಊರವರು ನಕ್ಕರು. ಆ ಮನೆಯ ಮುದುಕರು ಮಾತ್ರ ನಗಲಿಲ್ಲ. ಶಾಲೆಗೆ ಹೋಗಿ, ನಮಗೆ ಹೊನ್ನು ಬೇಡ, ನಮ್ಮ ಹೆಸರು ನಮಗೆ ಕೊಡಿ ಎಂದು ಕೈಮುಗಿದು ಕೇಳಿ ಮತ್ತೆ ಹಳೆಯದನ್ನೇ ಬರೆಸಿಕೊಂಡು ಬಂದರು.

ಹಿಂದೆ ಒಮ್ಮೆ ಈ ಮನೆಯವರಿಗೆ ಹಗ್ಗದವರ ಎಂದು ಹೆಸರಿತ್ತು. ಕರಿಹಳ್ಳ ಬೇಸಿಗೆಯಲ್ಲಿ ಮೊಣಕಾಲುದ್ದದ ಹಳ್ಳ; ಮೇಲೆಲ್ಲೋ ಮಳೆಯಾದರೆ ಮಾತ್ರ ಇಲ್ಲಿ ಒಂದು ಹನಿ ಬೀಳದೆಯೂ ಎರೆಮಣ್ಣಿನ ನೀರು ದಂಡೆ ತುಂಬಿ ಬರುತ್ತಿತ್ತು. ಆಗ ಆಚೆಯವರು ಆಚೆ, ಈಚೆಯವರು ಈಚೆ. ದಾಟಲೇಬೇಕಾದವರು ದಂಡೆಯಲ್ಲಿ ನಿಂತು ಕೂಗುವರು. ಹಗ್ಗದವರು ಮನೆಯಿಂದಲೇ ಓ ಎನ್ನುವರು, ಓಡಿಬಂದು ಹಗ್ಗದ ಒಂದು ತುದಿಯನ್ನು ಬಂಡೆಗೆ ಸುತ್ತಿ, ಇನ್ನೊಂದು ತುದಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುವರು. ಹಳ್ಳದ ತಿರುವು ಬುರುಡೆಯನ್ನು ತಾನೇ ಆಚೆ ದಂಡೆಗೆ ಒಯ್ಯುತ್ತಿತ್ತು. ಅದನ್ನು ಸೊಂಟಕ್ಕೆ ಬಿಗಿದುಕೊಂಡವರನ್ನು ಇವರು ಎಳೆದುಕೊಳ್ಳುವರು. ಸುಗ್ಗಿಯಲ್ಲಿ ಊರು ಇದಕ್ಕಾಗಿ ಜೋಳದ ಆಯ ಕೊಡುತ್ತಿತ್ತು. ಮನೆಯ ನೇಮ ಒಂದೇ: ಮೊದಲ ಕೂಗಿಗೇ ಓ ಎನ್ನಬೇಕು. ನೀರಿನ ಬಾಯಲ್ಲಿ ನಿಂತವರಿಗೆ ಎರಡನೆಯ ಕೂಗಿಗೆ ಉಸಿರು ಇರುತ್ತದೋ ಇಲ್ಲವೋ. ಉಣ್ಣುತ್ತಿದ್ದರೆ ತುತ್ತು ಉಗುಳಿ ಓ ಎನ್ನುವ ಮನೆ ಎಂದು ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು.

ಆ ಮನೆಗೆ ಸೊಸೆಯಾಗಿ ಬಂದವಳು ಫಕ್ಕೀರವ್ವ. ಗಂಡ ಬಸವಂತಪ್ಪ, ಒಬ್ಬ ಮಗ ಗುರುಶಿದ್ದ, ಎರೆಹೊಸೂರಿಗೆ ಕೊಟ್ಟ ಮಗಳು ಸಾಂತವ್ವ. ಅವಳಿಗೆ ಇನ್ನೇನೂ ಬೇಕಾಗಿರಲಿಲ್ಲ. ಒಂದು ಮಳೆಗಾಲ ಊರಿಗೆ ವಾಂತಿಭೇದಿಯ ಮಾರಿಬೇನೆ ಹೊಕ್ಕಿತು. ಹೆಣ ಹೊತ್ತವರು ಬಂದು ಕೂರುವಷ್ಟರಲ್ಲಿ ಅವರನ್ನೇ ಹೊರಬೇಕಾಗುತ್ತಿತ್ತು. ಯಾವ ಮದ್ದೂ ನಾಟದಾಗ ಹಿರಿಯರು ಡಂಗುರ ಹೊಡೆಸಿದರು. ಹೊತ್ತು ಮುಳುಗುವಾಗ ಮಾರಿ ನೆಂಟರ ದನಿಯಲ್ಲಿ ಕರೆಯುತ್ತಾಳೆ, ಓ ಎಂದವರನ್ನು ಒಯ್ಯುತ್ತಾಳೆ. ಅವಳು ಎರಡು ಸಲ ಮಾತ್ರ ಕರೆಯಬಲ್ಲಳು, ಮನುಷ್ಯರು ಮೂರನೆಯ ಸಲವೂ ಕರೆಯುತ್ತಾರೆ. ಮೂರನೆಯ ಕೂಗಿನ ತನಕ ಯಾರೂ ಬಾಯಿ ಬಿಡಬಾರದು. ಬಸವಂತಪ್ಪ ಇದನ್ನು ಕೇಳಿಯೂ ಕೇಳಿಸಿಕೊಳ್ಳಲಿಲ್ಲ. ಒಂದು ಸಂಜೆ ಹಳ್ಳದ ಕಡೆಯಿಂದ ಯಾರೋ ಕರೆದಂತಾಯಿತೆಂದು ಓ ಎಂದು ಹಗ್ಗ ಹೊತ್ತು ಹೋದ. ದಂಡೆಯಲ್ಲಿ ಯಾರೂ ಇರಲಿಲ್ಲ. ಮರುದಿನ ಬೇನೆ ಬಿದ್ದು ತೀರಿಕೊಂಡ. ಅಲ್ಲಿಗೆ ಫಕ್ಕೀರವ್ವ ಡಂಗುರವನ್ನು ನಂಬಿದಳು. ನಂಬದೆ ಏನು ಮಾಡಿಯಾಳು? ಗುರುಶಿದ್ದನೂ ಮಲಗಿದ್ದ.

ಬೇನೆ ಹರಡದಿರಲೆಂದು ದಾರಿಗಳಿಗೆ ಮುಳ್ಳು ಹಚ್ಚಿದ್ದರಿಂದ ಅಪ್ಪ ಸತ್ತ ಸುದ್ದಿ ಸಾಂತವ್ವನಿಗೆ ಮುಟ್ಟುವಾಗ ತಡವಾಗಿತ್ತು. ಅವ್ವನನ್ನೂ ತಮ್ಮನನ್ನೂ ನೋಡುತ್ತೇನೆಂದು ಅವಳು ಒಬ್ಬಳೇ ಹೊರಟು ಬಂದಳು. ದಂಡೆಗೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು, ಹಳ್ಳ ತುಂಬಿತ್ತು. "ಯವ್ವಾ!" ಎಂದು ಕೂಗಿದಳು.

ಮನೆಯೊಳಗೆ ಫಕ್ಕೀರವ್ವ ಮಗನಿಗೆ ಗಂಜಿ ಕುಡಿಸುತ್ತಿದ್ದಳು. ಮಗಳ ದನಿ ಕೇಳಿದೊಡನೆ ಅವಳ ಬಾಯಿ ತೆರೆಯಿತು. ಗುರುಶಿದ್ದ ಸೆರಗು ಹಿಡಿದುಕೊಂಡ. "ಅನಬ್ಯಾಡ ಯವ್ವಾ. ಅಪ್ಪನೂ ಹಿಂಗ ಹೋದ. ನನಗ ಯಾರದಾರ?" ಎಂದ. ಅವಳು ಬಾಯಿ ಮುಚ್ಚಿದಳು. ಮತ್ತೊಮ್ಮೆ "ಯವ್ವಾ!" ಎಂದು ದನಿ ಬಂತು. ಅದೇ ದನಿ, ಹೆತ್ತ ಹೊಟ್ಟೆ ಬಲ್ಲ ದನಿ. ಮಾರಿಯಾದರೆ ಈ ದನಿಯಲ್ಲಿ ಕರೆಯದೆ ಮತ್ತಾರ ದನಿಯಲ್ಲಿ ಕರೆದಾಳು? ಫಕ್ಕೀರವ್ವ ಸೆರಗು ಬಿಡಿಸಿಕೊಂಡು, ಹಗ್ಗವನ್ನು ಹೆಗಲಿಗೇರಿಸಿ, ಬಾಗಿಲ ಹೊಸ್ತಿಲಲ್ಲಿ ನಿಂತಳು. ಮೂರನೆಯದು ಬರಲಿ, ಓ ಎಂದು ಓಡಿಬಿಡುತ್ತೇನೆ. ದೇವರೇ, ಒಂದು ಸಲ ಕರೆಸು. ನಿಂತೇ ಇದ್ದಳು. ನೀರಿನ ಸಪ್ಪಳದ ಹೊರತು ಏನೂ ಬರಲಿಲ್ಲ. ಕಡೆಗೆ ಹಗ್ಗ ಇಳಿಸಿ, ದೀಪ ಹಚ್ಚಿ, ಮಾರಿ ಹಿಂದಿರುಗಿ ಹೋದಳು, ಮಗ ಉಳಿದ ಎಂದು ಕೈಮುಗಿದಳು. ಆ ಕೈಮುಗಿದದ್ದನ್ನು ಅವಳು ಸಾಯುವ ತನಕ ಮರೆಯಲಿಲ್ಲ ಎನ್ನುತ್ತಾರೆ.

ಬೆಳಕು ಹರಿದ ಮೇಲೆ ಆಚೆ ದಂಡೆಯಿಂದ ಕುರುಬರ ಮಾಳಪ್ಪ ಕೂಗಿ ಹೇಳಿದ. ಅವನು ಕುರಿ ತರುಬಿಕೊಂಡು ಅಲ್ಲಿಯೇ ಬೀಡುಬಿಟ್ಟಿದ್ದ. ನೀರು ಇಳಿಯಲಿ ತಾಯೀ, ಇನ್ನೊಮ್ಮೆ ಕೂಗು ಎಂದು ಅವನೇ ಸಾಂತವ್ವನನ್ನು ತಡೆದಿದ್ದನಂತೆ. ಅದಕ್ಕೆ ಅವಳು, "ನಮ್ಮ ಮನ್ಯಾಗ ಒಮ್ಮೆ ಕೂಗಿದ್ರ ಓ ಅಂತಾರಪ್ಪ. ಎರಡು ಸಲ ಕೂಗಿದ್ರೂ ಅನ್ನವಲ್ರು ಅಂದ್ರ ಒಳಗ ಯಾರೂ ಉಳದಿಲ್ಲ. ಇಲ್ಲದವರನ್ನ ಇನ್ನೊಮ್ಮೆ ಯಾಕ ಕೂಗ್ಲಿ?" ಎಂದಳು. ಹೆಣಗಳನ್ನಾದರೂ ನೋಡುತ್ತೇನೆ, ಮಣ್ಣು ಮಾಡುವವರೂ ಇಲ್ಲದೆ ಬಿದ್ದಿರಬಹುದು ಎನ್ನುತ್ತ, ಅವನು ಕಂಬಳಿ ಬಿಸುಟು ಹಿಡಿಯುವಷ್ಟರಲ್ಲಿ ನೀರಿಗೆ ಇಳಿದಳು. ಹಳ್ಳ ಇಳಿದಾಗ ತಿರುವಿನ ಜಾಲಿಯಲ್ಲಿ ಅವಳು ಸಿಕ್ಕಳು. ಇಂಥ ನೇಮದ ಮನೆಯಲ್ಲಿ ಹುಟ್ಟದೆ ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ ಅವಳು ಮೂರನೆಯ ಸಲ ಕೂಗುತ್ತಿದ್ದಳು, ಬದುಕುತ್ತಿದ್ದಳು.

ಬೇನೆ ತನ್ನಷ್ಟಕ್ಕೆ ಬಂದಂತೆ ತನ್ನಷ್ಟಕ್ಕೆ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಹಿರಿಯರು ಫಕ್ಕೀರವ್ವನ ಬಾಗಿಲಿಗೆ ಬಂದರು. ಡಂಗುರ ಹೊಡೆಸಿದವರು ನಾವು, ತಪ್ಪು ನಮ್ಮದು, ನೀನು ಮೊದಲಿನಂತೆ ಹಗ್ಗ ಹಿಡಿ ಎಂದರು. "ಡಂಗುರಕ್ಕ ಬಾಯಿತ್ತು ಖರೆ. ನನಗೂ ಇತ್ತು," ಎಂದಳು ಅವಳು. "ಹಗ್ಗ ಹಿಡೀತೀನಿ. ಆದರ ಹಗ್ಗದವರು ಅನಬ್ಯಾಡ್ರಿ. ಓ ಅನ್ನದವರು ಅನ್ರಿ. ಇನ್ನ ಮುಂದ ಅದ ನಮ್ಮ ಮನಿ ಹೆಸರು." ಬೇಡವೆಂದರೂ ಕೇಳಲಿಲ್ಲ. ಹಗ್ಗದವರ ಮನೆಯೆಂದು ಕರೆದವರಿಗೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಓ ಅನ್ನದವರ ಫಕ್ಕೀರವ್ವಾ ಎಂದು ಕರೆದರೆ ಮಾತ್ರ ಬರುತ್ತಿದ್ದಳು. ಊರು ಕಡೆಗೆ ಸೋತು ಹಾಗೆಯೇ ಕರೆಯಿತು; ಬಾಯಿಂದ ಬಾಯಿಗೆ ಸವೆದು ಅದೇ ಒನ್ನದವರ ಎಂದಾಯಿತು. ಎಷ್ಟೋ ಮಳೆಗಾಲ ಅವಳು ಎಷ್ಟೋ ಜನರನ್ನು ಮೊದಲ ಕೂಗಿಗೇ ಓ ಎಂದು ಎಳೆದುಕೊಂಡಳು. ಅದರಿಂದ ಅವಳಿಗೆ ಎಳ್ಳಷ್ಟೂ ಸಮಾಧಾನ ದೊರೆಯಲಿಲ್ಲ. ಗುರುಶಿದ್ದ ಬದುಕಿದ, ಮದುವೆಯಾದ. ಇಂದಿನ ಒನ್ನದವರೆಲ್ಲ ಸೆರಗು ಹಿಡಿದ ಅವನ ಸಂತತಿ. ಹೀಗೆ ಅವರ ಹುಟ್ಟೂ ಆ ಸಂಜೆಯದೇ ಆಗಿ, ಆ ಹೆಸರನ್ನು ಶಪಿಸುವ ದಾರಿಯೂ ಅವರಿಗೆ ಉಳಿಯಲಿಲ್ಲ.

ಈಗ ಹಗ್ಗ ಬೇಕಾಗಿಲ್ಲ. ಆದರೂ ಮಳೆಗಾಲದ ಮೊದಲ ಹೊಸ ನೀರು ಬಂದ ದಿನ ಹೋದವರು ನೋಡಬಹುದು: ಹೊತ್ತು ಮುಳುಗುವಾಗ ಒನ್ನದವರ ಹೆಂಗಸರು, ಗಂಡಸರು, ಕಂಕುಳ ಕೂಸುಗಳೂ ಬಂದು ಆ ಬಂಡೆಯ ಸುತ್ತ ನಿಲ್ಲುತ್ತಾರೆ. ಪೂಜೆಯಿಲ್ಲ, ಕಾಯಿಯಿಲ್ಲ. ಆಚೆ ದಂಡೆಯ ಕಡೆ ಮುಖ ಮಾಡಿ ಎಲ್ಲರೂ ಒಟ್ಟಿಗೆ "ಓ" ಎನ್ನುತ್ತಾರೆ. ಸೇತುವೆಯ ಮೇಲೆ ಹೋಗುವವರು ಗಾಡಿ ನಿಲ್ಲಿಸಿ ಆಚೆ ದಂಡೆಯನ್ನು ಹುಡುಕಿ ನೋಡುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ಹೋದ ಮಳೆಗಾಲ ಪರವೂರಿನವನೊಬ್ಬ ಕೆಳಗಿಳಿದು ಬಂದು, ಯಾರು ಕರೆದರು ಎಂದು ಆ ಮನೆಯ ಮುದುಕಿಯನ್ನು ಕೇಳಿದನಂತೆ.

"ಯಾರೂ ಕರದಿಲ್ಲಪ್ಪ," ಎಂದಳಂತೆ ಅವಳು. "ಕರದಾಗ ಅನ್ನಲಿಲ್ಲ."