ಹೋಗುವ ತಂತಿ, ಬರುವ ತಂತಿ

ಆ ಆಶ್ರಮಕ್ಕೆ ಒಂದು ನದಿ ಇತ್ತು, ಒಬ್ಬ ಗುರು ಇದ್ದರು, ಒಂದು ಹಳೆಯ ಕಾರಿತ್ತು. ಆಸ್ಪತ್ರೆ ಮಾತ್ರ ಆಚೆ ದಡದಲ್ಲಿತ್ತು.

ಅಡುಗೆಯ ದೇವೀರಮ್ಮನಿಗೆ ದಮ್ಮು. ಉಸಿರು ಕಟ್ಟಿದಾಗಲೆಲ್ಲ ಆ ಕಾರೇ ಅವಳನ್ನು ಸೇತುವೆ ದಾಟಿಸಿ ಆಸ್ಪತ್ರೆ ಮುಟ್ಟಿಸುತ್ತಿತ್ತು. ಹತ್ತಿರದಲ್ಲಿ ಬೇರೆ ಗಾಡಿ ಇರಲಿಲ್ಲ.

ಒಮ್ಮೆ ಕಾರಿನ ಎಂಜಿನ್ ಕೈಕೊಟ್ಟಿತು. ಭಕ್ತರೊಬ್ಬರು ಬೇರೆ ಎಂಜಿನ್ ಕೊಡಿಸಿದರು. ಅದು ದೊಡ್ಡದು. ಕೂರಿಸಿದ ಮೇಲೆ ಬಾನೆಟ್ಟಿನಡಿ ಬ್ಯಾಟರಿಗೆ ಜಾಗ ಉಳಿಯಲಿಲ್ಲ.

"ಬ್ಯಾಟರಿ ಹಿಂದಕ್ಕೆ, ಡಿಕ್ಕಿಗೆ ಹೋಗಲಿ," ಅಂದರು ಗುರು. "ಕೇಬಲ್ ನೀನೇ ಆರಿಸಿ ತಾ, ಶಂಭು."

ಶಂಭುಲಿಂಗ ಹಿರಿಯ ಶಿಷ್ಯ. ಕಾವಿ ಉಡುವ ಮೊದಲು ಡಿಪ್ಲೊಮಾ ಮಾಡಿದ್ದ. ಗುರುಗಳ ಪ್ರವಚನಗಳೆಲ್ಲ ಬಾಯಿಪಾಠ. ಡಿಪ್ಲೊಮಾ ಅಷ್ಟಾಗಿ ನೆನಪಿರಲಿಲ್ಲ.

ಪೇಟೆಗೆ ಹೋಗಿ ಎರಡು ಸುರುಳಿ ತಂದ. ಕೆಂಪು ಕೇಬಲ್ ಹೆಬ್ಬೆರಳಿನಷ್ಟು ದಪ್ಪ. ಕಪ್ಪು ತಂತಿ ಪೆನ್ಸಿಲಿನಷ್ಟೂ ಇರಲಿಲ್ಲ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಎರಡನ್ನೂ ಕೈಗೆ ತೆಗೆದುಕೊಂಡರು.

"ಈ ಕೆಂಪು ಯಾಕೋ ಇಷ್ಟು ದಪ್ಪ?"

"ಇದು ಬ್ಯಾಟರಿಯಿಂದ ಸ್ಟಾರ್ಟರಿಗೆ ಕರೆಂಟು ಒಯ್ಯುತ್ತೆ ಬುದ್ಧಿ. ಡಿಕ್ಕಿಯಿಂದ ಎಂಜಿನ್ನಿಗೆ ದೂರ ಜಾಸ್ತಿ ಆಯ್ತಲ್ಲ, ದಾರಿಯಲ್ಲಿ ಸೊರಗಬಾರದು."

"ಈ ಕಪ್ಪು?"

"ಅದು ಅರ್ತಿಂಗು. ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರೋ ದಾರಿ."

"ಹೋದಷ್ಟೇ ವಾಪಸ್ ಬರಬೇಕಲ್ಲವೇ? ಇದು ತೀರ ಸಣ್ಣಗಿದೆಯಲ್ಲೋ."

ಶಂಭುಲಿಂಗ ಕೈ ಮುಗಿದ. "ಕೊಡುವಾಗ ಕೈತುಂಬ ಕೊಡು, ಮರಳಿ ಬರುವುದನ್ನು ಎಣಿಸಬೇಡ ಅಂತ ತಾವೇ ಅಪ್ಪಣೆ ಕೊಡಿಸಿದ್ದಿರಿ."

ಗುರು ತಂತಿಯನ್ನು ಬೆರಳುಗಳ ನಡುವೆ ಹೊರಳಿಸಿದರು. ಆಮೇಲೆ ನಕ್ಕರು. ಕಪ್ಪು ತಂತಿಯನ್ನು ಶಿಷ್ಯನ ಕೈಗೇ ಕೊಟ್ಟರು.

ಆ ಭಾನುವಾರದ ಪ್ರವಚನದಲ್ಲಿ ಈ ಮಾತು ಬಂತು. ಭಕ್ತರು ತಲೆದೂಗಿದರು. ಒಬ್ಬರು ಕಣ್ಣೊರೆಸಿಕೊಂಡರು. ಕಾರಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕಾರು ಸ್ಟಾರ್ಟ್ ಆಗುತ್ತಿತ್ತು. ಆದರೆ ನರಳಿ, ಮುಕ್ಕಿರಿದು.

"ಇದೇನ್ ಸ್ವಾಮಿ, ನನಗಿಂತ ಜಾಸ್ತಿ ಏದುಸಿರು ಬಿಡುತ್ತೆ ನಿಮ್ಮ ಕಾರು!" ಅಂದಳು ದೇವೀರಮ್ಮ. "ಮೊದಲು ಇದನ್ನ ತೋರಿಸಿ ಡಾಕ್ಟರಿಗೆ."

"ಬೇರೆ ಎಂಜಿನ್ ಅಲ್ವೇನಮ್ಮ, ಒಗ್ಗಬೇಕು," ಅಂದ ಶಂಭುಲಿಂಗ.

"ಒಗ್ಗಲಿ ಒಗ್ಗಲಿ. ಅಲ್ಲಿವರೆಗೂ ತಡ್ಕೊಂಡಿರು ಅಂತ ನನ್ನ ದಮ್ಮಿಗೂ ಒಂದು ಮಾತು ಹೇಳಿಬಿಡಿ."

ಸಂತೆಯ ದಿನ ಅವಳು ಡಿಕ್ಕಿಯಿಂದ ಈರುಳ್ಳಿ ಚೀಲ ಇಳಿಸುತ್ತಿದ್ದಳು. ಮುಂದೆ ಶಂಭುಲಿಂಗ ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿದ್ದ. ಅವಳು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ಸೀದಾ ಗುರುಗಳ ಹತ್ತಿರ ಬಂದಳು.

"ಬುದ್ಧಿ, ಆ ಕರಿ ತಂತಿ ಕಾದ ಕಾವಲಿ ಥರ ಸುಡ್ತಾ ಇದೆ."

"ಗೊತ್ತು ತಾಯಿ."

"ಗೊತ್ತಿದ್ದರೆ ಆ ಸ್ವಾಮಿಗೊಂದು ಮಾತು ಹೇಳಬಾರದಾ?"

"ಹೇಳಿಕೊಟ್ಟದ್ದು ಮರೆತುಹೋಗುತ್ತೆ. ತಾನಾಗಿ ಕಂಡುಕೊಂಡರೆ ಅವನಿಗೆ ಜನ್ಮಕ್ಕೂ ಉಳಿಯುತ್ತೆ."

"ಅವರು ಕಂಡುಕೊಳ್ಳೋ ದಿವಸ ಕಾರಲ್ಲಿ ಯಾರು ಕೂತಿರ್ತಾರೋ ಬುದ್ಧಿ?"

ಗುರು ಕಣ್ಣು ಮುಚ್ಚಿದರು. ಆಶ್ರಮದಲ್ಲಿ ಅದೂ ಒಂದು ಉತ್ತರವೇ. ದೇವೀರಮ್ಮ ಸೆರಗು ಕೊಡವಿಕೊಂಡು ಒಲೆಯ ಹತ್ತಿರ ಹೋದಳು.

ಒಂದು ಮಧ್ಯಾಹ್ನ ಅವಳು ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಎದ್ದಿತು. ಕೆಮ್ಮು ಹಿಡಿಯಿತು, ಬಿಡಲಿಲ್ಲ.

ಹೊತ್ತು ತಂದು ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿದರು. ಗುರುಗಳು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಶಂಭುಲಿಂಗ ಕೀಲಿ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಟಕ್.

ಲೈಟು ಹಾಕಿದರೆ ಉರಿಯಿತು. ಹಾರನ್ ಒತ್ತಿದರೆ ಕೂಗಿತು. ಎಂಜಿನ್ ಮಾತ್ರ ತಿರುಗಲಿಲ್ಲ.

ಇದ್ದವರೆಲ್ಲ ಸೇರಿ ತಳ್ಳಿದರು. ಚಕ್ರ ದಡದ ಮರಳಲ್ಲಿ ಹೂತುಕೊಂಡಿತು. ಒಬ್ಬ ಸೇತುವೆಯ ಕಡೆ ಓಡಿದ, ಗಾಡಿ ಕರೆತರಲು.

ದೇವೀರಮ್ಮ ಗುರುಗಳ ಮುಖವನ್ನೇ ನೋಡುತ್ತಿದ್ದಳು. ಹೇಳುವುದಕ್ಕೆ ಏನೋ ಇತ್ತು. ಉಸಿರಿರಲಿಲ್ಲ.

ಗಾಡಿ ಬಂತು. ಅಷ್ಟರಲ್ಲಿ ಅದು ಬೇಕಾಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಶಂಭುಲಿಂಗ ಡಿಕ್ಕಿ ತೆಗೆದ. ಕಪ್ಪು ತಂತಿಯ ಪ್ಲಾಸ್ಟಿಕ್ಕು ಕರಗಿ, ಒಳಗಿನ ತಾಮ್ರದ ಎಳೆಗಳು ಸುಟ್ಟು ಬೋಲ್ಟಿಗೆ ಅರೆಬರೆ ಅಂಟಿಕೊಂಡಿದ್ದವು. ಅದನ್ನು ಬಿಚ್ಚಿ ತಂದು ಗುರುಗಳ ಮುಂದಿಟ್ಟ.

"ಬ್ಯಾಟರಿ ತುಂಬಿತ್ತು ಬುದ್ಧಿ. ಆಯಮ್ಮನ ಬೆನ್ನ ಹಿಂದೆಯೇ ಇತ್ತು."

"ಹೌದು."

"ತಂತಿ ಸಾಲಲಿಲ್ಲ."

"ಸಾಲೋದಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು."

ಶಿಷ್ಯ ತಲೆಯೆತ್ತಿದ. "ಮತ್ತೆ ಯಾಕೆ ಸುಮ್ಮನಿದ್ದಿರಿ?"

"ನನ್ನ ಮಾತು ನಿನ್ನ ಬಾಯಲ್ಲಿ ಕೇಳೋಕೆ ಚೆನ್ನಾಗಿತ್ತು."

"ನಾನಾಗಿ ಕಂಡುಕೊಳ್ಳಲಿ ಅಂತ ಅಲ್ಲವೇ?"

"ಅವಳಿಗೆ ಹಾಗಂತಲೇ ಹೇಳಿದೆ. ಕೇಳೋಕೆ ಅದೂ ಚೆನ್ನಾಗಿತ್ತು."

ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಊಟದ ಗಂಟೆಯನ್ನು ಯಾರೂ ಹೊಡೆಯಲಿಲ್ಲ.

ಶಂಭುಲಿಂಗ ಬಹಳ ಹೊತ್ತು ಅತ್ತ. ಆಮೇಲೆ ಮುಖ ಒರೆಸಿಕೊಂಡು, ವರ್ಷಗಳ ಅಭ್ಯಾಸದಂತೆ ಬೆನ್ನು ನೆಟ್ಟಗೆ ಮಾಡಿ ಕೂತು, ಕೈ ಮುಗಿದ.

"ಇದರಿಂದ ನಾನು ಕಲಿಯಬೇಕಾದದ್ದು ಏನು, ಬುದ್ಧಿ?"

ಗುರು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು.

"ನಿನಗೆ ಪಾಠ ಆಗಲಿ ಅಂತ ದೇವೀರಮ್ಮ ಸಾಯಲಿಲ್ಲ, ಶಂಭು."